ಚಪ್ಪಾಳೆಯ ಅಚ್ಚು ತೆಗೆದ ಫೆಲ್ಸಿಬಾಯಿ

ಬಹರೈನಿನ ಜುಫೈರ್‌ನ ಹೋಟೆಲುಗಳ ದೀಪಗಳು ಇನ್ನೂ ಉರಿಯುತ್ತಿವೆ. ಕಡಲ ಮೇಲೆ ಬೆಳಕು ಈಗಷ್ಟೇ ಬೂದಿಬಣ್ಣಕ್ಕೆ ತಿರುಗುತ್ತಿದೆ. ದಡದ ಕಾಲುದಾರಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ಸಿಮೆಂಟಿನಲ್ಲಿ ಮೂಡಿದ ಒಂದು ಅಂಗೈಯನ್ನು, ಎಳೆಮಗುವಿನ ಕೈ ತೊಳೆಯುವಷ್ಟು ನಾಜೂಕಾಗಿ ತೊಳೆಯುತ್ತಿದ್ದಾರೆ. ಮೊದಲು ಬಾಟಲಿಯ ಸಿಹಿನೀರು, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಹಳೆಯ ಹತ್ತಿಬಟ್ಟೆ. ರಾತ್ರಿಯ ಗಾಳಿ ಬೆರಳ ಸಂದುಗಳಲ್ಲಿ ತುಂಬಿಸಿಟ್ಟ ಮರಳು ನೀರಿನೊಂದಿಗೆ ಹರಿದುಹೋಗುತ್ತದೆ. ಅಂಗೈಯ ಗೆರೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

"ಈ ಉಪ್ಪುಂಟಲ್ಲ, ಇದೇ ದೊಡ್ಡ ವೈರಿ. ಊರಲ್ಲಿ ಸಮುದ್ರದ ಬದಿಯ ಮನೆಗಳ ಗೇಟು ನೋಡಿದ್ದೀರಲ್ಲ, ಹೇಗೆ ತಿಂದು ಹಾಕ್ತದೆ ಅಂತ. ಇಲ್ಲಿಯೂ ಹಾಗೆ. ಸ್ವಲ್ಪ ದಿವಸ ಬಿಟ್ಟರೆ ಮೊದಲು ಗೆರೆ ಹೋಗ್ತದೆ, ಆಮೇಲೆ ಬೆರಳು," ಎನ್ನುತ್ತಾರೆ ಅವರು, ತಲೆ ಎತ್ತದೆ.

ಇವರು ಫೆಲ್ಸಿ ಮಾರ್ಟಿಸ್. ಮೂಡುಬಿದಿರೆ ಬಳಿಯ ಪಾಲಡ್ಕದವರು. ಟುಬ್ಲಿಯ ಒಂದು ಸಿಮೆಂಟ್ ಅಚ್ಚಿನ ವರ್ಕ್‌ಶಾಪಿನಲ್ಲಿ ಕೆಲಸ. ಅಲ್ಲಿನ ತುಳುವರೂ ಬ್ಯಾರಿಗಳೂ ಇವರನ್ನು ಕರೆಯುವುದು ಫೆಲ್ಸಿಬಾಯಿ ಎಂದು.

ಅಮೆರಿಕದಲ್ಲಿ ಸಿನಿಮಾದವರ ಹೆಸರನ್ನು ನಕ್ಷತ್ರದೊಳಗೆ ಬರೆದು ಕಾಲುದಾರಿಯಲ್ಲಿ ಕೂರಿಸಿದ್ದಾರೆಂದು ಎಲ್ಲರೂ ಕೇಳಿದ್ದೇವೆ. ಬಹರೈನಿನ ಈ ದಾರಿಯಲ್ಲಿ ನಕ್ಷತ್ರಗಳಿಲ್ಲ. ಕೈಗಳಿವೆ. ಹಾಡಿದವರು, ಊದ್ ಎಂಬ ತಂತಿವಾದ್ಯ ನುಡಿಸಿದವರು, ರಂಗದ ಮೇಲೆ ನಗಿಸಿದವರು, ರೇಡಿಯೋದಲ್ಲಿ ಕಥೆ ಹೇಳಿದವರು, ಹೀಗೆ ಈ ದ್ವೀಪವನ್ನು ರಂಜಿಸಿದವರ ಎರಡೆರಡು ಅಂಗೈಗಳು ಬಿಳಿ ಚಪ್ಪಡಿಗಳಲ್ಲಿ ಸಾಲಾಗಿ ಮಲಗಿವೆ. ಹೆಸರನ್ನು ಯಾರೂ ತುಳಿಯಬಾರದೆಂದು ಪಕ್ಕದ ಮೋಟುಗೋಡೆಯ ಮೇಲೆ ಹಿತ್ತಾಳೆಯಲ್ಲಿ ಬರೆದಿದ್ದಾರೆ. ಸಂಜೆಯ ಹೊತ್ತು ಮಕ್ಕಳು ಕುಕ್ಕರಗಾಲಿನಲ್ಲಿ ಕುಳಿತು ತಮ್ಮ ಕೈಯನ್ನು ಆ ಕೈಗಳೊಳಗೆ ಇಟ್ಟು ಅಳತೆ ನೋಡುತ್ತಾರೆ. ದೊಡ್ಡವರು ಫೋಟೋ ತೆಗೆಯುತ್ತಾರೆ. ಅಷ್ಟೂ ಕೈಗಳನ್ನು ಮೊದಲು ಹಿಡಿದು, ಎಣ್ಣೆ ಸವರಿ, ಹಸಿ ಸಿಮೆಂಟಿನ ಮೇಲೆ ಊರಿಸಿದ್ದು ಈ ಹೆಂಗಸು ಎಂಬುದು ಅವರಲ್ಲಿ ಯಾರಿಗೂ ತಿಳಿದಿಲ್ಲ. ಚಪ್ಪಡಿಗಳ ಮೇಲೆ ಅದನ್ನು ಬರೆದೂ ಇಲ್ಲ.

ಕೆಲಸ ನೋಡುವುದಕ್ಕೆಂದು ಒಂದು ದಿನ ಅವರ ವರ್ಕ್‌ಶಾಪಿಗೆ ಹೋಗುತ್ತೇನೆ. ಒಂದು ಬದಿಯಲ್ಲಿ ಕಾರುಗಳ ಗ್ಯಾರೇಜು, ಇನ್ನೊಂದು ಬದಿಯಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವವರು. ನಡುವಿನ ಶೆಡ್ಡಿನಲ್ಲಿ ಹೂಕುಂಡ, ಜಾಲಂದ್ರ, ಬಂಗಲೆಗಳ ಕಂಬದ ತಲೆ. ಮೂಲೆಯಲ್ಲಿ ಫೆಲ್ಸಿಬಾಯಿಯ ಮೇಜು. ಬಿಳಿ ಸಿಮೆಂಟು, ಜರಡಿ ಹಿಡಿದ ಮರಳು, ಅಮೃತಶಿಲೆಯ ಪುಡಿ. ಸೆಕೆಗಾಲದಲ್ಲಿ ನೀರಿಗೆ ಐಸ್ ಹಾಕುತ್ತಾರೆ, ಇಲ್ಲದಿದ್ದರೆ ಕಲಸುವಷ್ಟರಲ್ಲೇ ಬಿಗಿದುಕೊಳ್ಳುತ್ತದೆ. ಹದ ಯಾವುದೆಂದು ಕೇಳಿದರೆ ನಗುತ್ತಾರೆ.

"ಸಾನ್ನದ ಹಿಟ್ಟಿಗಿಂತ ಗಟ್ಟಿ. ಇಡ್ಲಿಗೂ ಅಲ್ಲ, ಕಡುಬಿಗೂ ಅಲ್ಲ. ಬೆರಳ ಗಂಟಿನಿಂದ ಮುಟ್ಟಿದರೆ ಅಂಟಬಾರದು, ಆದರೆ ಗುಳಿ ಬೀಳಬೇಕು. ಅಷ್ಟಾದ ಮೇಲೆ ತಡ ಮಾಡ್ಲಿಕ್ಕಿಲ್ಲ."

ಕೈಗೆ ಮೊದಲು ತೆಂಗಿನೆಣ್ಣೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ, ಹಾಗಾಗಿ ಅಚ್ಚು ತೆಗೆದ ಮರುಕ್ಷಣ ನೀರಿನಲ್ಲಿ ತೊಳೆದು ಸ್ವಲ್ಪ ವಿನೆಗರ್ ಸವರಬೇಕು. ಇವೆಲ್ಲ ಯಾರು ಬೇಕಾದರೂ ಕಲಿಯಬಹುದಾದ ಸಂಗತಿಗಳು. ನನ್ನನ್ನು ಬೆರಗುಗೊಳಿಸಿದ್ದು ಬೇರೆ. ಎಷ್ಟೋ ಸಾವಿರ ಜನರ ಮುಂದೆ ನಿಂತು ಅಳುಕದವರು ಈ ಮೇಜಿನ ಮುಂದೆ ಕುಳಿತಾಗ ಅವರ ಬೆರಳು ಬಿಗಿಯುತ್ತದಂತೆ. ಬಿಗಿದ ಕೈ ಸಿಮೆಂಟಿನಲ್ಲಿ ಹಲಗೆಯ ಹಾಗೆ ಮೂಡುತ್ತದೆ. ಅದನ್ನು ಸಡಿಲಿಸುವುದೇ ಫೆಲ್ಸಿಬಾಯಿಯ ಕಸುಬು. ಅವರು ಕೈಗವಸು ಕಳಚಿ, ಎದುರಿನವರ ಮಣಿಕಟ್ಟನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಸುಮ್ಮನೆ ಕುಳಿತುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ಕೈಯ ಭಾರ ಪೂರ್ತಿ ಇವರ ಕೈಗೆ ಇಳಿಯುತ್ತದೆ.

"ಮುಖದಲ್ಲಿ ಸುಳ್ಳು ಹೇಳಬಹುದು, ಕೈಯಲ್ಲಿ ಆಗೂದಿಲ್ಲ," ಎನ್ನುತ್ತಾರೆ. "ಒಬ್ಬರು ನಗಿಸುವವರು ಬಂದಿದ್ರು. ಬಾಗಿಲಿಂದ ಬರುವಾಗಲೇ ಎಲ್ಲರನ್ನೂ ನಗಿಸಿ ಆಯ್ತು. ಕೈ ಹಿಡಿದು ನೋಡಿದರೆ ಹೀಗೆ ನಡುಗ್ತಾ ಉಂಟು. ನಾನು ಯಾರಿಗೂ ಹೇಳ್ಲಿಲ್ಲ. ಅವರ ಕೈ ನಿಲ್ಲುವವರೆಗೆ ಹಿಡ್ಕೊಂಡೆ. ಊದ್ ನುಡಿಸುವ ಒಬ್ಬರ ಬೆರಳ ತುದಿ ಮುಟ್ಟಿದೆ, ಮಾರಾಯ್ರೆ, ಕಲ್ಲು. ನಮ್ಮ ಊರಲ್ಲಿ ಬೀಡಿ ಕಟ್ಟುವವರ ಬೆರಳಿನ ಹಾಗೆ. ಇಷ್ಟು ಚಂದದ ಸಂಗೀತ ಬರೂದು ಅಷ್ಟು ಗಟ್ಟಿ ಬೆರಳಿನಿಂದ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಕೈ ಹಿಡಿಯುವುದನ್ನು ಫೆಲ್ಸಿಬಾಯಿ ಕಲಿತದ್ದು ಮಂಗಳೂರಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಮೂಳೆ ಆಸ್ಪತ್ರೆಗೆ ಆಯಾ ಆಗಿ ಸೇರಿದವರು ಪ್ಲಾಸ್ಟರ್ ಹಾಕುವ ಕೋಣೆಗೆ ಬಂದರು. ಮೊದಲು ಪ್ಲಾಸ್ಟರಿನ ಸುರುಳಿ ನೆನೆಸಿ ಕೊಡುವುದು, ಆಮೇಲೆ ಮುರಿದ ಕೈಯನ್ನು ಅಲುಗದಂತೆ ಹಿಡಿಯುವುದು, ಕೊನೆಗೆ ತಾವೇ ಸುತ್ತುವುದು. ಅಳುವ ಮಕ್ಕಳನ್ನು ಎಲ್ಲರೂ ಇವರ ಬಳಿಗೇ ತರುತ್ತಿದ್ದರಂತೆ. ಗಂಡ ಲಾರೆನ್ಸ್‌ಗೆ ಕಿಡ್ನಿಯ ಕಾಯಿಲೆ ಬಂದಾಗ ಆ ಸಂಬಳ ಯಾವುದಕ್ಕೂ ಸಾಲಲಿಲ್ಲ. ಮಗಳು ಅಶ್ಮಿತಾ ಆಗ ಆರನೇ ತರಗತಿ. ಅವಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಫೆಲ್ಸಿ ಬಹರೈನಿನ ಒಂದು ಕ್ಲಿನಿಕ್ಕಿಗೆ ಹೆಲ್ಪರ್ ಆಗಿ ಬಂದರು. ಮೂರನೆಯ ವರ್ಷ ಲಾರೆನ್ಸ್ ತೀರಿಕೊಂಡರು. ಊರು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. "ಕೈ ಹಿಡಿಯುವ ಕೆಲಸ ಮಾಡಿದವಳು ನಾನು. ಅವರ ಕೈ ಹಿಡೀಲಿಕ್ಕೆ ಸಿಗ್ಲಿಲ್ಲ," ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಾರೆ.

ಕ್ಲಿನಿಕ್ ಮುಚ್ಚಿದ ಮೇಲೆ ಪರಿಚಯದವರೊಬ್ಬರ ಮೂಲಕ ಟುಬ್ಲಿಯ ಈ ವರ್ಕ್‌ಶಾಪು ಸಿಕ್ಕಿತು. ಹೂಕುಂಡದ ಅಚ್ಚು ತೊಳೆಯುವ ಕೆಲಸ. ಕೆಲವು ವರ್ಷಗಳ ನಂತರ ಕಾಲುದಾರಿಯ ಗುತ್ತಿಗೆ ಬಂದಾಗ, ಜನರ ಕೈ ಹಿಡಿದು ಊರಿಸುವವರು ಯಾರೆಂಬ ಪ್ರಶ್ನೆ ಎದ್ದಿತು. ವರ್ಕ್‌ಶಾಪಿನ ಫೋರ್‌ಮನ್ ಓಲಿವರ್, ಶಿರ್ವದವರು, ಇವರತ್ತ ಬೆರಳು ತೋರಿಸಿದರು.

ಸಿಮೆಂಟು ತನ್ನ ಪಾಲನ್ನು ವಸೂಲಿ ಮಾಡಿಕೊಂಡಿದೆ. ಫೆಲ್ಸಿಬಾಯಿ ತಮ್ಮ ಕೈಗಳನ್ನು ಚಾಚಿ ತೋರಿಸುತ್ತಾರೆ. ಬೆರಳ ತುದಿಗಳು ಸವೆದ ಸೋಪಿನ ಹಾಗೆ ನುಣ್ಣಗಾಗಿವೆ. ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತದೆ. ಇಲ್ಲಿನ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡಿಗೆ ಬೆರಳಚ್ಚು ಕೊಡಲು ಹೋದರೆ ಯಂತ್ರ ಇವರ ಬೆರಳನ್ನು ಒಪ್ಪುವುದಿಲ್ಲ. ಒತ್ತಿ, ಒರಸಿ, ಮತ್ತೆ ಒತ್ತಿ, ಕೌಂಟರಿನ ಹುಡುಗಿಗೇ ಸಾಕಾಗಿ ಹೋಯಿತಂತೆ. ಒಂದು ವಾರ ಸಿಮೆಂಟು ಮುಟ್ಟದೆ, ವ್ಯಾಸ್ಲಿನ್ ಹಚ್ಚಿಕೊಂಡು ಮತ್ತೆ ಹೋದಾಗ ಹೇಗೋ ಒಂದು ಬೆರಳಿನ ಅಚ್ಚು ಬಿತ್ತು. "ಊರವರ ಕೈಯೆಲ್ಲ ಮೂಡಿಸಿ ಆಯ್ತು, ನಂದೇ ಮೂಡೂದಿಲ್ಲ," ಎಂದು ಅವರು ನಗುವಾಗ ನನಗೆ ಒಟ್ಟಿಗೆ ನಗಲು ಆಗುವುದಿಲ್ಲ.

ಈ ದಾರಿಯ ಎಲ್ಲ ಕೈಗಳ ನಡುವೆ ಒಂದು ಚಪ್ಪಡಿಯ ಮುಂದೆ ಮಾತ್ರ ಜನ ಗಕ್ಕನೆ ನಿಲ್ಲುತ್ತಾರೆ. ಅದರ ಎಡಗೈ ಪೂರ್ತಿ ಬಿಚ್ಚಿಲ್ಲ. ಬೆರಳುಗಳು ಬಾಗಿವೆ, ನೀರು ಎತ್ತಿಕೊಳ್ಳುವ ಬೊಗಸೆಯ ಹಾಗೆ. ಬಲಗೈಯೋ, ಅಚ್ಚೇ ಅಲ್ಲ, ಹೊಂಡ. ಸಿಮೆಂಟು ಸುತ್ತಲೂ ಸಿಡಿದು ಅಲೆಯಂತೆ ಎದ್ದು ಹಾಗೇ ಗಟ್ಟಿಯಾಗಿದೆ. ಅದು ಮುಹರ್ರಕ್‌ನ ಬು ಸಾಲೆಹ್ ಅವರದು.

ಮುತ್ತು ತೆಗೆಯಲು ತಿಂಗಳುಗಟ್ಟಲೆ ಕಡಲಿಗೆ ಹೋಗುತ್ತಿದ್ದವರ ಹಾಡುಗಳಿಗೆ ಇಲ್ಲಿ ಫಿಜಿರಿ ಎನ್ನುತ್ತಾರೆ. ಬು ಸಾಲೆಹ್ ಅವರ ತಂದೆ ಅಂಥ ದೋಣಿಗಳಲ್ಲಿ ಹೋದವರು. ಮಗ ಹಗಲು ಬಂದರಿನಲ್ಲಿ ದುಡಿದು, ಸಂಜೆ ಓಣಿಯ ಹಾಡಿನ ಮನೆಯಲ್ಲಿ ಕೂರುತ್ತಿದ್ದರು. ಅವರು ಹಾಡುಗಾರರಲ್ಲ. ಚಪ್ಪಾಳೆಯವರು. ಈ ಹಾಡುಗಳಿಗೆ ಡೋಲು, ಮಣ್ಣಿನ ಮಡಕೆ ಎಷ್ಟು ಮುಖ್ಯವೋ ಚಪ್ಪಾಳೆಯೂ ಅಷ್ಟೇ ಮುಖ್ಯ. ಹತ್ತಾರು ಜನ ಒಟ್ಟಿಗೆ ತಟ್ಟುವಾಗ ಅವರನ್ನು ಹಿಡಿದು ನಡೆಸುವ ಜೋಡಿ ಕೈಗಳು ಬೇಕು. ಐವತ್ತು ವರ್ಷ ಆ ಕೈಗಳು ಬು ಸಾಲೆಹ್ ಅವರದ್ದಾಗಿದ್ದವು. ಚಪ್ಪಾಳೆಯವರ ಹೆಸರನ್ನು ಯಾವ ಕಾರ್ಯಕ್ರಮದಲ್ಲೂ ಕೂಗುವುದಿಲ್ಲ. ಕಾಲುದಾರಿಗೆ ಅವರನ್ನು ಆರಿಸಿದಾಗ ಹಾಡಿನ ಮನೆಯ ಹಳಬರು ಕುಣಿದಾಡಿದರಂತೆ.

ಕಳೆದ ಚಳಿಗಾಲದ ಆರಂಭದಲ್ಲಿ ಫೆಲ್ಸಿಬಾಯಿ ಟ್ರೇ, ಸಿಮೆಂಟು, ಎಣ್ಣೆಯ ಬಾಟಲಿಯೊಂದಿಗೆ ಮುಹರ್ರಕ್‌ನ ಅವರ ಮನೆಗೆ ಹೋದರು. ವಯಸ್ಸಾದವರಿದ್ದರೆ ಇವರೇ ಮನೆಗೆ ಹೋಗುವುದು ರೂಢಿ. ಜೊತೆಗೆ ವರ್ಕ್‌ಶಾಪಿನ ವ್ಯಾನ್ ಓಡಿಸುವ ಝಕರಿಯಾ. ಉಳ್ಳಾಲದ ಬ್ಯಾರಿ. ಮೂವತ್ತು ವರ್ಷದಿಂದ ಇಲ್ಲಿದ್ದು ಅರಬ್ಬಿಯನ್ನು ಇಲ್ಲಿಯವರ ಹಾಗೇ ಆಡುತ್ತಾರೆ. ಮಗಳು ಲುಲ್ವಾ ಬಾಗಿಲು ತೆರೆದರು. ಶಾಲೆಯಲ್ಲಿ ಟೀಚರು, ಮದುವೆಯಾಗಿಲ್ಲ, ತಂದೆಯನ್ನು ನೋಡಿಕೊಳ್ಳುವವರು ಅವರೊಬ್ಬರೇ. ಮಜ್ಲಿಸ್ ಎನ್ನುವ ಬೈಠಕ್ ಕೋಣೆಯಲ್ಲಿ ದಿಂಬುಗಳಿಗೆ ಒರಗಿ ಎಂಬತ್ತು ದಾಟಿದ ಮುದುಕರು ಕುಳಿತಿದ್ದರು. ಬಲಗೈ ಮುಂದೆ ಬಂತು. ಎಡಗೈ ಶಾಲಿನೊಳಗೇ ಉಳಿಯಿತು.

"ನಾನು ಕೇಳಿದೆ, ಬಾಬಾ, ಇನ್ನೊಂದು ಕೈ? ಮಗಳು ತಲೆ ಬಗ್ಗಿಸಿದ್ಲು," ಎಂದು ನೆನೆಯುತ್ತಾರೆ ಫೆಲ್ಸಿಬಾಯಿ.

ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದಿತ್ತು. ಎಡಗೈ ಮುಷ್ಟಿಯಾಗಿ ಬಿಗಿದದ್ದು ಮತ್ತೆ ಬಿಚ್ಚಿಲ್ಲ. ಬಲಗೈ ಒಂದೇ ಸಾಕೆಂದು ಲುಲ್ವಾ ಹೇಳಿದರು. ಆಗ ಬು ಸಾಲೆಹ್ ತೊದಲುತ್ತ ಏನೋ ಅಂದರು. ಝಕರಿಯಾ ಅದನ್ನು ತಿರುಗಿಸಿ ಹೇಳಿದರು: "ಫೆಲ್ಸಿಬಾಯಿ, ಒಂದು ಕೈಯಲ್ಲಿ ಚಪ್ಪಾಳೆ ಆಗೂದಿಲ್ಲ ಅಂತ ಹೇಳ್ತಿದ್ದಾರೆ."

"ನನಗೆ ಮೈ ಜುಮ್ಮ್ ಅಂತು. ನಮ್ಮ ಮಾತೇ ಅಲ್ವಾ ಅದು! ನಾನು ಕೇಳಿದೆ, ಝಕರಿಯಾಕ, ನೀವು ನಮ್ಮ ಗಾದೆ ಹಾಕಿ ಹೇಳಿದ್ದಾ ಅಂತ. ಅವರು ಹೇಳಿದ್ರು, ಇಲ್ಲಮ್ಮ, ಅರಬ್ಬಿಯಲ್ಲಿಯೂ ಹಾಗೇ ಉಂಟು, ಅವರು ಹೇಳಿದ್ದನ್ನೇ ಹೇಳಿದ್ದು ಅಂತ."

ಫೆಲ್ಸಿಬಾಯಿ ಅಂದು ಬಲಗೈಯ ಅಚ್ಚನ್ನೂ ತೆಗೆಯಲಿಲ್ಲ. ಕಲಸಿದ ಸಿಮೆಂಟು ಟ್ರೇಯಲ್ಲೇ ಬಿಗಿಯಿತು. ಬಿಸಿನೀರು ತರಿಸಿ ಮುಷ್ಟಿಯನ್ನು ಅದರಲ್ಲಿ ಇಳಿಸಿದರು. ನೀರು ಆರುವ ಹೊತ್ತಿಗೆ ಕಿರುಬೆರಳು ಕೊಂಚ ಸಡಿಲವಾಯಿತು. ಅದರ ಸಂದಿನಿಂದ ವಾಸನೆ ಬಂತು. ಉದ್ದ ಬೆಳೆದ ಉಗುರುಗಳು ಅಂಗೈಯೊಳಗೆ ಇಳಿದು ಹುಣ್ಣಾಗಿತ್ತು. ಲುಲ್ವಾ ಬಿಕ್ಕತೊಡಗಿದರು. ಬಿಡಿಸಲು ಹೋದರೆ ತಂದೆ ನೋವಿನಿಂದ ಕೂಗುತ್ತಾರೆ, ಡಾಕ್ಟರ ಬಳಿ ಹೋಗೋಣವೆಂದರೆ ಕೈ ತೋರಿಸಲು ಒಪ್ಪುವುದಿಲ್ಲ, ತಾನೇನು ಮಾಡಲಿ ಎಂದರು.

"ಅಳಬೇಡಿ, ನಿಮ್ಮದೇನೂ ತಪ್ಪಿಲ್ಲ ಅಂತ ಹೇಳಿ ಅಂದೆ ಝಕರಿಯಾಕರ ಹತ್ರ. ಹುಣ್ಣಿದ್ದ ಕೈಯನ್ನು ಸಿಮೆಂಟಿಗೆ ಇಡ್ಲಿಕ್ಕೆ ಆಗ್ತದಾ? ಸುಟ್ಟು ಹೋಗ್ತದೆ. ಮೊದಲು ಅದು ಒಣಗಬೇಕು. ಅಚ್ಚಿನ ವಿಷಯ ಆಮೇಲೆ."

ಆ ರಾತ್ರಿ ಊರಿಗೆ ವಿಡಿಯೋ ಕಾಲ್ ಹೋಯಿತು. ಮಗಳು ಅಶ್ಮಿತಾ ಈಗ ಮೂಡುಬಿದಿರೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳು ಮೊದಲು ಹೇಳಿದ್ದು ಡಾಕ್ಟರಿಗೆ ತೋರಿಸಬೇಕೆಂದು. ಆಮೇಲೆ ತನ್ನ ಕೈಯನ್ನೇ ಮುಷ್ಟಿ ಮಾಡಿ ಕ್ಯಾಮೆರಾದ ಮುಂದೆ ಹಿಡಿದಳು. "ಮಮ್ಮಿ, ಬೆರಳನ್ನು ಎಳೀಬೇಡಿ. ಮೊದಲು ಮಣಿಕಟ್ಟನ್ನು ಒಳಗೆ ಬಗ್ಗಿಸಿ, ಬೆರಳು ತಾನೇ ಸಡಿಲ ಆಗ್ತದೆ. ಆಮೇಲೆ ಹೆಬ್ಬೆರಳು ಹೊರಗೆ ತನ್ನಿ. ಎಷ್ಟು ಬಿಚ್ಚುತ್ತದೋ ಅಷ್ಟೇ. ಬಟ್ಟೆಯ ಸುರುಳಿ ಇಡಿ. ಅವರಿಗೆ ನೋವಾದರೆ ನಿಲ್ಲಿಸಿಬಿಡಿ." ತಾಯಿ ಕಳುಹಿಸಿದ ಸಂಬಳದಿಂದ ಓದಿದ ಮಗಳು ಈಗ ತಾಯಿಗೆ ಪಾಠ ಹೇಳುವುದನ್ನು ಫೆಲ್ಸಿಬಾಯಿ ಬಣ್ಣಿಸುವ ಠೀವಿಯನ್ನು ನೀವು ನೋಡಬೇಕು.

ಲುಲ್ವಾ ತಂದೆಯನ್ನು ಒಪ್ಪಿಸಿ ಡಾಕ್ಟರಿಗೆ ತೋರಿಸಿದರು. ಮುಲಾಮು ಬಂತು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಫೆಲ್ಸಿಬಾಯಿ ಬೆಳಿಗ್ಗೆ ಚರ್ಚು ಮುಗಿಸಿ, ಝಕರಿಯಾ ಜುಮಾ ನಮಾಜು ಮುಗಿಸಿ ಬಂದ ಮೇಲೆ ಇಬ್ಬರೂ ಮುಹರ್ರಕ್‌ಗೆ ಹೋಗತೊಡಗಿದರು. ಬಿಸಿನೀರು, ತೆಂಗಿನೆಣ್ಣೆ, ಬಟ್ಟೆಯ ಸುರುಳಿ. ಮೊದಲು ಬೆರಳಿನಷ್ಟು ತೆಳ್ಳಗಿನ ಸುರುಳಿ, ಬರಬರುತ್ತ ದಪ್ಪ. ಉಳಿದ ದಿನ ಲುಲ್ವಾ ತಾವೇ ಮಾಡುವುದನ್ನು ಕಲಿತರು. ಹುಣ್ಣು ನಿಧಾನವಾಗಿ ಒಣಗುತ್ತ ಬಂತು. ಮುದುಕರು ಎಡಗೈಯನ್ನು ಶಾಲಿನಿಂದ ಹೊರಗಿಡಲು ಶುರುಮಾಡಿದರು.

ಅಷ್ಟರಲ್ಲಿ ಕಾಲುದಾರಿಯನ್ನು ಜನರಿಗೆ ತೆರೆಯುವ ದಿನ ಹತ್ತಿರ ಬಂತು. ಬು ಸಾಲೆಹ್ ಅವರದೊಂದು ಬಿಟ್ಟು ಎಲ್ಲ ಚಪ್ಪಡಿಗಳೂ ಸಿದ್ಧ. ಗುತ್ತಿಗೆ ಕೊಟ್ಟವರು ಓಲಿವರ್ ಅವರನ್ನು ದಿನಾ ಫೋನಿನಲ್ಲಿ ಹಿಂಡತೊಡಗಿದರು. ಓಲಿವರ್ ಕೆಟ್ಟವರಲ್ಲ. ಆದರೆ ಅವರ ತಲೆಯ ಮೇಲೆ ಧಣಿ, ಧಣಿಯ ತಲೆಯ ಮೇಲೆ ಗುತ್ತಿಗೆಯವರು. ಒಂದು ಬೆಳಿಗ್ಗೆ ಅವರು ಫೆಲ್ಸಿಬಾಯಿಯ ಮೇಜಿನ ಬಳಿ ಬಂದು ದನಿ ತಗ್ಗಿಸಿದರು.

"ನೋಡು ಫೆಲ್ಸಿ, ಮುದುಕನ ಬಲಗೈ ತಗೋ. ಎಡಗೈ ನಮ್ಮ ಝಕರಿಯಾಂದು ಹಾಕು. ಅವನ ಕೈಯೂ ಅಷ್ಟೇ ದೊಡ್ಡದುಂಟು. ಕೈಗೆ ಏನು ಮುಖ ಉಂಟಾ? ಯಾರಿಗೆ ಗೊತ್ತಾಗ್ತದೆ?"

"ಬಾಬಾನಿಗೆ ಗೊತ್ತಾಗ್ತದಲ್ಲ."

"ನಿನ್ನ ವೀಸಾ ರಿನ್ಯೂ ಹತ್ರ ಬಂತು. ನಿನ್ನ ಪ್ರಾಯದವರನ್ನು ಇಟ್ಟುಕೊಳ್ಳಬೇಕಾ ಅಂತ ಧಣಿ ಕೇಳಿ ಆಯ್ತು. ನಾನು ನಿನ್ನ ಒಳ್ಳೆಯದಕ್ಕೆ ಹೇಳುದು."

ಫೆಲ್ಸಿಬಾಯಿ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟರಂತೆ. "ಊರಿಗೆ ಕಳಿಸೂದಾದರೆ ಕಳಿಸಿ ಓಲಿವರ್ ಬಾಬ್. ಇನ್ನೊಬ್ಬರ ಕೈಯನ್ನು ಅವರ ಹೆಸರಿನ ಕೆಳಗೆ ನಾನು ಊರೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಝಕರಿಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾನೂ ಕೊಡೂದಿಲ್ಲ," ಎಂದರು.

ಹೀಗೆ ಹೇಳುವುದು ಅವರಿಗೆ ಸುಲಭವಾಗಿತ್ತೆಂದು ನಾನು ಅಂದುಕೊಂಡಿದ್ದೆ. ಆ ದಿನಗಳನ್ನು ಕೇಳಿದಾಗ ಫೆಲ್ಸಿಬಾಯಿ ಬ್ರಷ್ಷಿನ ಕೂದಲು ಸರಿಮಾಡುತ್ತಾರೆ. "ಹೆದರಿಕೆ ಆಗಿತ್ತು. ಅಶ್ಮಿತಾಳ ಮದುವೆ ಇನ್ನೂ ಆಗ್ಬೇಕು. ಎರಡು ಸಲ ಓಲಿವರ್ ಬಾಬ್ ಹತ್ರ ಹೋಗಿ, ನೀವು ಹೇಳಿದ ಹಾಗೇ ಆಗ್ಲಿ ಅಂತ ಹೇಳ್ಲಿಕ್ಕೆ ಹೊರಟೆ. ಅರ್ಧಕ್ಕೆ ವಾಪಸ್ ಬಂದೆ. ಯಾಕೆ ಗೊತ್ತುಂಟಾ? ಮುಂದಿನ ಶುಕ್ರವಾರ ಆ ಬಾಬಾನ ಕೈ ಹಿಡೀಬೇಕಲ್ಲ. ಹೇಗೆ ಹಿಡೀಲಿ?"

ಉದ್ಘಾಟನೆ ನಡೆಯಿತು. ದೀಪ, ಸಂಗೀತ, ಜನಸಾಗರ. ಬು ಸಾಲೆಹ್ ಅವರ ಹೆಸರಿನ ಮುಂದೆ ಮಾತ್ರ ಚಪ್ಪಡಿಯ ಜಾಗಕ್ಕೆ ಮರಳು ತುಂಬಿಸಿ ಪ್ಲೈವುಡ್ ಮುಚ್ಚಿದ್ದರು. ಫೆಲ್ಸಿಬಾಯಿ ಜನರ ಹಿಂದೆ ನಿಂತು ಆ ಪ್ಲೈವುಡ್ಡನ್ನೇ ನೋಡುತ್ತಿದ್ದರು. ಒಬ್ಬ ಹುಡುಗ ಅದರ ಮೇಲೆ ಜಿಗಿದು ಟಪ್ ಎನ್ನಿಸಿದ.

ಅದಾಗಿ ಮೂರನೆಯ ಶುಕ್ರವಾರ ಹಾಡಿನ ಮನೆಯ ಹಳಬರು ಬು ಸಾಲೆಹ್ ಅವರನ್ನು ನೋಡಲು ಬಂದರು. ಎಲ್ಲರೂ ಮುದುಕರೇ. ಒಬ್ಬರ ಕೈಯಲ್ಲಿ ಡೋಲು, ಇನ್ನೊಬ್ಬರ ಮಡಿಲಲ್ಲಿ ಮಡಕೆ. ಹುಣ್ಣು ಪೂರ್ತಿ ಒಣಗಿತ್ತು. ಕೈ ಅರ್ಧದಷ್ಟು ಬಿಚ್ಚುತ್ತಿತ್ತು, ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಇದ್ದಷ್ಟೇ ಮೂಡಲಿ ಎಂದು ತೀರ್ಮಾನಿಸಿ ಫೆಲ್ಸಿಬಾಯಿ ಸಿಮೆಂಟು ತಂದಿದ್ದರು. ಬು ಸಾಲೆಹ್ ಒಪ್ಪಿದ್ದರು. ಅವರ ತೊಡೆಯ ಮುಂದೆ ತಗ್ಗು ಮೇಜು, ಅದರ ಮೇಲೆ ಟ್ರೇ. ಎಡಗೈಗೆ ಎಣ್ಣೆ ಸವರಿ, ಮಣಿಕಟ್ಟು ಬಗ್ಗಿಸಿ, ಬೆರಳು ಸಡಿಲಿಸಿ ಮೆಲ್ಲಗೆ ಇಳಿಸಿದರು. ಅಂಗೈಯ ಬುಡ ಊರಿತು, ಹೆಬ್ಬೆರಳು ಊರಿತು, ಉಳಿದ ಬೆರಳುಗಳ ತುದಿ ಊರಿತು. ಎತ್ತಿ ತೊಳೆದು ಲುಲ್ವಾರ ಮಡಿಲಿಗೆ ಕೊಟ್ಟರು.

ಬಲಗೈಗೆ ಎಣ್ಣೆ ಹಚ್ಚುತ್ತಿರುವಾಗ ಮಡಕೆಯವರು ಬೇಸರ ಕಳೆಯಲೆಂದು ಬೆರಳಾಡಿಸಿದರು. ಡೋಲು ಸೇರಿಕೊಂಡಿತು. ಒಬ್ಬರು ತಗ್ಗಿದ ದನಿಯಲ್ಲಿ, ಸಮುದ್ರದ ತಳದಿಂದ ಬರುವ ಹಾಗೆ ಹಾಡು ಎತ್ತಿದರು. ಉಳಿದವರು ಚಪ್ಪಾಳೆ ಶುರುಮಾಡಿದರು.

"ಬಾಬಾನ ಕೈ ನನ್ನ ಕೈಯಲ್ಲಿತ್ತು. ಅದು ಎದ್ದದ್ದು ನನಗೆ ಗೊತ್ತಾಯ್ತು. ಹಿಡಿದು ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ. ಅಷ್ಟು ಬಲ ಆ ಪ್ರಾಯದಲ್ಲಿ ಎಲ್ಲಿತ್ತೋ ದೇವರಿಗೇ ಗೊತ್ತು."

ಬು ಸಾಲೆಹ್ ಬಲಗೈಯನ್ನು ಎತ್ತಿ, ತಾಳದ ಏಟಿಗೆ ಸರಿಯಾಗಿ, ಹಸಿ ಸಿಮೆಂಟಿನ ಮೇಲೆ ಹೊಡೆದರು. ಎಡಗೈ ಊರಿದ ಜಾಗದ ಪಕ್ಕದಲ್ಲೇ. ಸಿಮೆಂಟು ಗೋಡೆಗೆ ಹಾರಿತು, ದಿಂಬುಗಳಿಗೆ ಹಾರಿತು, ಲುಲ್ವಾರ ಕಪ್ಪು ನಿಲುವಂಗಿ ಅಬಾಯದ ಮೇಲೆ, ಝಕರಿಯಾರ ಗಡ್ಡದ ಮೇಲೆ ಬಿಳಿ ಚುಕ್ಕೆಗಳು ಬಿದ್ದವು. ಹಾಡು ಗಕ್ಕನೆ ನಿಂತಿತು. ಆಮೇಲೆ ಬು ಸಾಲೆಹ್ ನಕ್ಕರು. ಲಕ್ವ ಹೊಡೆದ ಮೇಲೆ ತಂದೆ ಗಟ್ಟಿಯಾಗಿ ನಕ್ಕದ್ದನ್ನು ಕೇಳಿದ್ದು ಅದೇ ಮೊದಲೆಂದು ಲುಲ್ವಾ ನನಗೆ ಹೇಳುತ್ತಾರೆ. ಫೆಲ್ಸಿಬಾಯಿ ಮಾತ್ರ ನಗುವುದನ್ನೂ ಮರೆತು ಆ ಕೈಯನ್ನು ನೀರಿಗೆ ಅದ್ದಿ ತೊಳೆಯುತ್ತಿದ್ದರು, ಚರ್ಮ ಸುಡದಿರಲೆಂದು.

ಟ್ರೇ ವರ್ಕ್‌ಶಾಪಿಗೆ ಬಂದಾಗ ಓಲಿವರ್ ತಲೆಯ ಮೇಲೆ ಕೈ ಹೊತ್ತರು. ಗುತ್ತಿಗೆಯವರ ಇಂಜಿನಿಯರು ಬಂದು, ಇದು ಕೆಟ್ಟುಹೋಗಿದೆ, ಇನ್ನೊಂದು ತೆಗೆಯಿರಿ ಎಂದರು. ಫೆಲ್ಸಿಬಾಯಿ ವಾದಿಸಲಿಲ್ಲ. ವಾದಿಸುವಷ್ಟು ಇಂಗ್ಲಿಷು ತನಗಿಲ್ಲ ಎನ್ನುತ್ತಾರೆ. ಶಾಲೆ ಬಿಟ್ಟೊಡನೆ ಟುಬ್ಲಿಗೆ ಬಂದ ಲುಲ್ವಾ ಆ ಕೆಲಸ ಮಾಡಿದರು. ಅಬಾಯದ ಮೇಲೆ ಆ ಬಿಳಿ ಚುಕ್ಕೆಗಳು ಇನ್ನೂ ಇದ್ದವಂತೆ. "ನನ್ನ ತಂದೆ ಕೈಯನ್ನು ಎಲ್ಲಿಯಾದರೂ ಸುಮ್ಮನೆ ಇಟ್ಟವರಲ್ಲ. ಐವತ್ತು ವರ್ಷ ಮಾಡಿದ್ದನ್ನೇ ಮಾಡಿದ್ದಾರೆ. ಇದನ್ನು ಹಾಕುವುದಾದರೆ ಹಾಕಿ, ಇಲ್ಲವಾದರೆ ನಮ್ಮ ಹೆಸರನ್ನೂ ತೆಗೆಯಿರಿ," ಎಂದರು. ಇಂಜಿನಿಯರು ಚಪ್ಪಡಿಯ ಸುತ್ತ ಎರಡು ಸಲ ಸುತ್ತಿ, ಕೊನೆಗೆ ತನ್ನ ಕೈಯನ್ನು ಆ ಹೊಂಡದೊಳಗೆ ಇಳಿಸಿ ನೋಡಿದರು. ಆಮೇಲೆ ತಮ್ಮ ಮೇಲಿನವರಿಗೆ ಫೋನು ಮಾಡಿ, ಇದೇ ಇರಲಿ ಎಂದರು.

ಆ ಚಪ್ಪಡಿ ಕೂರಿಸಿದ ಸಂಜೆ ಬು ಸಾಲೆಹ್ ಗಾಲಿಕುರ್ಚಿಯಲ್ಲಿ ಬಂದಿದ್ದರು. ಭಾಷಣ ಇರಲಿಲ್ಲ, ದೀಪ ಇರಲಿಲ್ಲ. ಮಗಳು, ಹಾಡಿನ ಮನೆಯ ಕೆಲವರು, ಝಕರಿಯಾ, ಫೆಲ್ಸಿಬಾಯಿ. ಓಲಿವರ್ ಕೂಡ ಬಂದು ಹಿಂದೆ ನಿಂತಿದ್ದರು. ವೀಸಾ ರಿನ್ಯೂ ಆದದ್ದು ಅವರ ಮಾತಿನಿಂದಲೇ ಎಂದು ಫೆಲ್ಸಿಬಾಯಿ ನನಗೆ ಎರಡೆರಡು ಸಲ ಹೇಳುತ್ತಾರೆ, ಬರೆಯುವಾಗ ಅವರನ್ನು ಕೆಟ್ಟವರನ್ನಾಗಿ ಮಾಡಬಾರದೆಂದು ಆಣೆ ಹಾಕಿಸುತ್ತಾರೆ.

ನಾನು ಆ ಹೊಂಡದೊಳಗೆ ಕೈ ಇಟ್ಟಿದ್ದೇನೆ. ಸಿಮೆಂಟು ತಣ್ಣಗಿದೆ, ಬೆಳಗಿನ ಇಬ್ಬನಿಗೆ ಒದ್ದೆಯಾಗಿದೆ. ಆದರೂ ಅಂಗೈಗೆ ಏನೋ ತಾಗಿದಂತಾಗಿ ಕೈ ಹಿಂದಕ್ಕೆ ಬರುತ್ತದೆ. ಒಂದು ಏಟು ಅಲ್ಲಿ ಇನ್ನೂ ಮುಗಿದಿಲ್ಲ. ಕಲ್ಲಿನಲ್ಲಿ ಮುಖ ಕಡೆದವರನ್ನು, ದೇವರನ್ನು ಕಡೆದವರನ್ನು ನಮ್ಮ ನಾಡು ಕಂಡಿದೆ. ಸದ್ದನ್ನು ಹೀಗೆ ಹಿಡಿದಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ಫೆಲ್ಸಿಬಾಯಿಗೆ ಹೇಳಿದರೆ ಅವರು ಮುಜುಗರಪಟ್ಟು ಬಕೆಟ್ ಎತ್ತಿಕೊಳ್ಳುತ್ತಾರೆ. "ನಾನು ಎಂತ ಮಾಡಿದ್ದು? ಹೊಡೆದದ್ದು ಅವರು."

ಬಿಸಿಲು ಏರುತ್ತಿದೆ. ಹೋಟೆಲಿನಿಂದ ಇಬ್ಬರು ಓಡಲು ಬಂದಿದ್ದಾರೆ, ಕಿವಿಗೆ ಸಂಗೀತ ಸಿಕ್ಕಿಸಿಕೊಂಡು ಚಪ್ಪಡಿಗಳ ಪಕ್ಕದಲ್ಲೇ ಸಾಗುತ್ತಾರೆ. ರಸ್ತೆಯಾಚೆ ಝಕರಿಯಾರ ವ್ಯಾನು ಬಂದು ನಿಂತಿದೆ. ಎಲ್ಲಿಗೆ ಎಂದು ಕೇಳುತ್ತೇನೆ. ರಿಫಾ ಊರಿಗೆ ಎನ್ನುತ್ತಾರೆ ಫೆಲ್ಸಿಬಾಯಿ. ಅಲ್ಲಿ ಒಬ್ಬ ಮುದುಕಿ ಇದ್ದಾರಂತೆ. ಹಿಂದೆ ಮದುವೆಮನೆಗಳ ಹೆಂಗಸರ ಕೋಣೆಯಲ್ಲಿ ಡೋಲು ಬಾರಿಸಿ ಹಾಡುತ್ತಿದ್ದವರು. ಗಂಡಸರು ಯಾರೂ ಅವರನ್ನು ಕೇಳಿಲ್ಲ, ರೇಡಿಯೋದಲ್ಲಿ ಅವರ ದನಿ ಬಂದಿಲ್ಲ. ಅವರನ್ನು ಬಲ್ಲ ಹೆಂಗಸರು ಮಾತ್ರ ಅವರ ಹೆಸರು ಎತ್ತಿದರೆ ಈಗಲೂ ಕಣ್ಣರಳಿಸುತ್ತಾರೆ. ಲುಲ್ವಾ ಪಟ್ಟು ಹಿಡಿದು ಆ ಮುದುಕಿಯ ಹೆಸರನ್ನು ಈ ಸಲದ ಆಯ್ಕೆಗೆ ಸೇರಿಸಿದ್ದಾರೆ. ಆದರೆ ಮುದುಕಿ, ನನ್ನ ಕೈ ರಸ್ತೆಯಲ್ಲಿ ಬೇಡ ಎಂದು ಇವರನ್ನು ಎರಡು ಸಲ ಹಿಂದೆ ಕಳುಹಿಸಿದ್ದಾರೆ.

"ಈ ಸಲವೂ ಬೇಡ ಅಂದರೆ?" ಎನ್ನುತ್ತೇನೆ.

ಫೆಲ್ಸಿಬಾಯಿ ಹತ್ತಿಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹರಡುತ್ತಾರೆ.

"ಬೇಡ ಅಂದರೆ ಬೇಡ, ಒತ್ತಾಯ ಮಾಡ್ಲಿಕ್ಕುಂಟಾ? ಸಿಮೆಂಟು ವ್ಯಾನಲ್ಲೇ ಇರ್ಲಿ. ಅಷ್ಟು ಮದುವೆಗಳಲ್ಲಿ ಅಷ್ಟು ಹೆಂಗಸರನ್ನು ಕುಣಿಸಿದ ಕೈ ಅದು. ಸ್ವಲ್ಪ ಹೊತ್ತು ಹಿಡ್ಕೊಳ್ಳಿಕ್ಕೆ ಕೊಟ್ಟರೆ ನನಗೆ ಅಷ್ಟೇ ಸಾಕು."